ಅಣಬೆಯ ಗುರುತು

ಒಂದೇ ತಿಂಗಳಲ್ಲಿ ಬೀದಿಯುದ್ದಕ್ಕೂ ಅಂಗಡಿಗಳು ತೆರೆದುಕೊಂಡರೆ, ಚುನಾವಣೆ ಹತ್ತಿರ ಬಂದಂತೆ ಹೊಸ ಹೊಸ ಸಂಘಗಳು ಹುಟ್ಟಿಕೊಂಡರೆ, ‘ನಾಯಿಕೊಡೆಗಳಂತೆ ತಲೆಯೆತ್ತಿವೆ’ ಎಂದು ನಾವು ಹೇಳುವುದುಂಟು. ಬೇರಿಲ್ಲದುದು, ಬೆಲೆಯಿಲ್ಲದುದು, ನಾಳೆ ಇರದುದು ಎಂಬ ತಿರಸ್ಕಾರ ಆ ಮಾತಿನಲ್ಲಿ ಅಡಗಿದೆ. ಆದರೆ ಅಣಬೆಗೂ ಒಂದು ಬೇರಿದೆ; ಅದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಅಣಬೆಯನ್ನು ಆರಿಸಿ ತಂದು ಉಣ್ಣುವ ಮನೆತನಗಳ ತಿಳಿವಳಿಕೆಗೂ ಹಾಗೆಯೇ ಆಳವಾದ ಬೇರಿದೆ. ಆ ತಿಳಿವಳಿಕೆ ಎಂಥದು, ಅದನ್ನು ಎಷ್ಟರ ಮಟ್ಟಿಗೆ ನಂಬಬಹುದು, ಅದು ಎಲ್ಲಿಗೆ ಬಂದು ನಿಲ್ಲುತ್ತದೆ ಎಂಬುದನ್ನು ವಿಚಾರ ಮಾಡುವುದೇ ಈ ಲೇಖನದ ಉದ್ದೇಶ. ಇದು ಬರಿಯ ಕುತೂಹಲದ ಮಾತಲ್ಲ. ಕೆಲವೊಮ್ಮೆ ಪ್ರಾಣದ ಮಾತು.

ನಾನು ಸಸ್ಯಶಾಸ್ತ್ರದ ವಿದ್ಯಾರ್ಥಿಯಲ್ಲ. ಇತಿಹಾಸ, ಅರ್ಥಶಾಸ್ತ್ರ, ಕನ್ನಡಗಳನ್ನು ಓದುತ್ತಿರುವವನು. ಅಣಬೆಯ ವಿಷಯದಲ್ಲಿ ನನ್ನ ಮೊದಲ ಗುರು ನಮ್ಮವ್ವ. ಅವಳಿಗೆ ಓದುಬರಹ ಬಾರದು. ಶಾಸ್ತ್ರದ ಮಾತುಗಳನ್ನು ನಾನು ಕಲಿತದ್ದು ಆಮೇಲೆ, ಗ್ರಂಥಾಲಯದ ಪುಸ್ತಕಗಳಿಂದ. ಇಬ್ಬರು ಗುರುಗಳ ಮಾತು ಎಲ್ಲಿ ಕೂಡುತ್ತದೆ, ಎಲ್ಲಿ ಅಗಲುತ್ತದೆ ಎಂದು ನೋಡುವ ಆಸೆಯಿಂದ ಇದನ್ನು ಬರೆದಿದ್ದೇನೆ.

ಹೆಸರು ಮತ್ತು ಹಳಮೆ

ನಮ್ಮ ನಾಡಿನಲ್ಲಿ ಇದಕ್ಕೆ ಹೆಸರುಗಳು ಹಲವು. ಬಯಲುಸೀಮೆಯಲ್ಲೂ ಮಲೆನಾಡಿನಲ್ಲೂ ಅಣಬೆ, ತಿನ್ನಲಾಗದ್ದಾದರೆ ನಾಯಿಕೊಡೆ. ಕರಾವಳಿಯಲ್ಲಿ ಅಳಂಬೆ, ಕೊಡಗಿನಲ್ಲಿ ಕುಮ್ಮು. ಪುಸ್ತಕದ ಮಾತಿನಲ್ಲಿ ಶಿಲೀಂಧ್ರ. ಈ ಕೊನೆಯ ಹೆಸರು ಬಹಳ ಹಳೆಯದು. ಕಾಳಿದಾಸನ ‘ಮೇಘದೂತ’ದಲ್ಲಿ ಮೋಡದ ಗುಡುಗಿಗೆ ನೆಲದಿಂದ ಶಿಲೀಂಧ್ರಗಳು ಮೇಲೇಳುವ ಪ್ರಸ್ತಾಪವಿದೆ. ಸುಶ್ರುತಸಂಹಿತೆ ಹುಲ್ಲು, ಕಬ್ಬಿನ ಸಿಪ್ಪೆ, ಸಗಣಿ, ಬಿದಿರು, ನೆಲ ಎಂದು ಅವು ಹುಟ್ಟುವ ಜಾಗವನ್ನು ಹಿಡಿದೇ ಅಣಬೆಗಳನ್ನು ವಿಂಗಡಿಸುತ್ತದೆ. ಮನುಸ್ಮೃತಿಯಾದರೋ ಬೆಳ್ಳುಳ್ಳಿ, ಈರುಳ್ಳಿಗಳ ಜೊತೆಯಲ್ಲಿ ಅಣಬೆಯನ್ನೂ ದ್ವಿಜರಿಗೆ ನಿಷೇಧಿಸುತ್ತದೆ. ಯಾರು ಅಣಬೆಯನ್ನು ಬಲ್ಲರು, ಯಾರು ಅರಿಯರು ಎಂಬುದರ ಹಿಂದೆ ಇಂಥ ಸಾಮಾಜಿಕ ಕಾರಣವೂ ಒಂದಿದೆ. ಹೊಲದಲ್ಲಿ, ಕಾಡಂಚಿನಲ್ಲಿ ದುಡಿದವರಿಗೆ ಅದು ಮಳೆಗಾಲದ ಊಟ. ಅಲ್ಲಿಗೆ ಹೋಗಬೇಕಾದ ಪ್ರಮೇಯವಿಲ್ಲದವರಿಗೆ ಅದು ನಾಯಿಕೊಡೆ.

ಗುಡುಗಿನ ಮಾತು ಬಂದಿತು. ಗುಡುಗಿದರೆ ಅಣಬೆ ಏಳುತ್ತದೆ ಎಂಬ ನಂಬಿಕೆ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಉಂಟು. ಇದನ್ನು ಬರಿಯ ಮೂಢನಂಬಿಕೆಯೆಂದು ತಳ್ಳಿಹಾಕುವಂತಿಲ್ಲ. ಜಪಾನಿನ ಇವಾಟೆ ವಿಶ್ವವಿದ್ಯಾಲಯದವರು ಅಣಬೆ ಬೆಳೆಯುವ ಮರದ ತುಂಡುಗಳಿಗೆ ಕ್ಷಣಮಾತ್ರ ವಿದ್ಯುತ್ತಿನ ಆಘಾತ ಕೊಟ್ಟು ನೋಡಿದಾಗ ಕೆಲವು ಜಾತಿಗಳ ಇಳುವರಿ ಹೆಚ್ಚಿತು. ನಮ್ಮ ಹೊಲದ ಅಣಬೆಗೂ ಈ ಮಾತು ಸಲ್ಲುತ್ತದೆಂದು ಇಷ್ಟರಿಂದಲೇ ಸಾಧಿಸಲಾಗದು. ಗುಡುಗಿನೊಡನೆ ಮಳೆಯೂ ಬರುತ್ತದೆ, ನೆಲವೂ ತಣಿಯುತ್ತದೆ ಎಂಬುದನ್ನು ಮರೆಯಬಾರದು.

ಅಣಬೆ ಎಂದರೇನು?

ಅಣಬೆಯನ್ನು ಬಹುಕಾಲ ಗಿಡಗಳ ಸಾಲಿನಲ್ಲಿಯೇ ಎಣಿಸುತ್ತಿದ್ದರು. 1969ರಲ್ಲಿ ವಿಟ್ಟೇಕರ್ ಎಂಬ ಅಮೆರಿಕದ ವಿಜ್ಞಾನಿ ಜೀವಿಗಳನ್ನು ಐದು ಸಾಮ್ರಾಜ್ಯಗಳಾಗಿ ವಿಭಾಗಿಸಿ, ಶಿಲೀಂಧ್ರಗಳಿಗೆ ಅವುಗಳದೇ ಒಂದು ಸಾಮ್ರಾಜ್ಯವನ್ನು ಕೊಟ್ಟನು. ಅಣಬೆಯಲ್ಲಿ ಎಲೆಯ ಹಸಿರಿಲ್ಲ. ಆದ್ದರಿಂದ ಬಿಸಿಲಿನಿಂದ ಅನ್ನ ಮಾಡಿಕೊಳ್ಳಲಾರದು. ಅದರ ಜೀವಕೋಶದ ಗೋಡೆಯಲ್ಲಿರುವುದು ಕೈಟಿನ್, ಏಡಿಯ ಚಿಪ್ಪಿನಲ್ಲಿರುವ ವಸ್ತು. ನಾವು ಕಾಣುವ ಕೊಡೆ ಅದರ ಇಡೀ ದೇಹವಲ್ಲ. ಮಾವಿನ ಮರಕ್ಕೆ ಮಾವಿನ ಹಣ್ಣು ಹೇಗೋ ಹಾಗೆ. ದೇಹವೆಲ್ಲ ನೆಲದೊಳಗೆ, ಮರದೊಳಗೆ ನೂಲಿನಂತೆ ಹಬ್ಬಿಕೊಂಡಿರುತ್ತದೆ. ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಜೋಡಿಸಿಟ್ಟ ಪದರಗಳಿಂದ ಕಣ್ಣಿಗೆ ಕಾಣದಷ್ಟು ಸಣ್ಣ ಬೀಜಕಣಗಳು ಉದುರುತ್ತವೆ. ಈ ಬೀಜಕಣಗಳ ಬಣ್ಣವನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು. ಮುಂದೆ ಅದರ ಪ್ರಯೋಜನ ಬರುತ್ತದೆ.

ಹುತ್ತದೊಳಗಿನ ಬೇಸಾಯ

ನಮ್ಮ ಸೀಮೆಯ ಅಣಬೆಗಳಲ್ಲಿ ರಾಜನೆನಿಸಿದ್ದು ಹುತ್ತದಣಬೆ. ನಮ್ಮದು ಹಾಸನ ಜಿಲ್ಲೆಯ ಅರೆಮಲೆನಾಡು. ಹುತ್ತದ ಮೈಮೇಲೆ, ಅದರ ಬುಡದಲ್ಲಿ, ಇಲ್ಲವೇ ಮಣ್ಣಿನಡಿ ಗೆದ್ದಲ ಗೂಡಿದ್ದು ಮೇಲೆ ಏನೂ ಕಾಣದ ಬದುವಿನಲ್ಲಿ ಇದು ಮೇಲೇಳುತ್ತದೆ. ಇದು ಹುತ್ತದಲ್ಲಿಯೇ ಏಕೆ ಬೆಳೆಯುತ್ತದೆ? ಗೆದ್ದಲೇ ಅದನ್ನು ಬೆಳೆಯುತ್ತದೆ ಎಂಬುದೇ ಉತ್ತರ.

ಗೆದ್ದಲ ಗೂಡಿನೊಳಗೆ ಅಣಬೆಯ ತೋಟವಿದೆಯೆಂದು ಮೊದಲು ಬರೆದಿಟ್ಟವರಲ್ಲಿ ಲಿನೇಯಸ್ಸನ ಶಿಷ್ಯನಾದ ಕೋನಿಗ್ ಎಂಬಾತ ಒಬ್ಬ. ಅವನು ನೋಡಿದ್ದು ನಮ್ಮ ನೆರೆಯ ತಂಜಾವೂರಿನ ಗೆದ್ದಲುಗಳನ್ನೇ. ಅವನ ಬರಹ ಅಚ್ಚಾದದ್ದು 1779ರಲ್ಲಿ. ಫ್ರಾನ್ಸಿನ ರೋಜೆ ಹೈಮ್ 1942ರಲ್ಲಿ ಇಂಥ ಅಣಬೆಗಳನ್ನೆಲ್ಲ ಒಂದು ಕುಲವಾಗಿ ಮಾಡಿ, ಗೆದ್ದಲಣಬೆ ಎಂಬರ್ಥ ಬರುವಂತೆ ಟರ್ಮಿಟೊಮೈಸಿಸ್ ಎಂದು ಹೆಸರಿಟ್ಟರು. ತಮಿಳುನಾಡಿನಲ್ಲಿ ಸಿಕ್ಕಿದ ಒಂದು ಜಾತಿಯನ್ನು ಕೆ. ನಟರಾಜನ್ 1979ರಲ್ಲಿ ವರ್ಣಿಸಿ, ಅದಕ್ಕೆ ಹೈಮ್ ಅವರ ಹೆಸರನ್ನೇ ಇಟ್ಟರು.

ಬೇಸಾಯದ ಕ್ರಮ ಹೀಗಿದೆ. ಆಳುಗೆದ್ದಲುಗಳು ಒಣಗಿದ ಹುಲ್ಲು, ತರಗು, ಸೌದೆಗಳನ್ನು ಅಗಿದು ನುಂಗುತ್ತವೆ. ಅದು ಪೂರ್ತಿ ಜೀರ್ಣವಾಗದೆ, ಅಣಬೆಯ ಬೀಜಕಣಗಳೊಡನೆ ಹೊರಬೀಳುತ್ತದೆ. ಅದನ್ನೇ ಜೇನುಹಟ್ಟಿಯ ಹಾಗೆ ತೂತು ತೂತಾದ ತಟ್ಟೆಯಾಗಿ ಕಟ್ಟುತ್ತವೆ. ಆ ತಟ್ಟೆಯ ತುಂಬ ಅಣಬೆಯ ನೂಲು ಹಬ್ಬಿ, ಗೆದ್ದಲಿನ ಹೊಟ್ಟೆಗೆ ಕರಗದ ಗಟ್ಟಿ ನಾರನ್ನು ಕರಗಿಸಿ ಮೆದು ಮಾಡುತ್ತದೆ. ಅಲ್ಲಿ ಹುಟ್ಟುವ ಸಾಸಿವೆಯಷ್ಟು ಗಾತ್ರದ ಬಿಳಿಯ ಉಂಡೆಗಳನ್ನೂ, ಮಾಗಿದ ಹಳೆಯ ತಟ್ಟೆಯನ್ನೂ ಗೆದ್ದಲು ತಿನ್ನುತ್ತದೆ. ಅಣಬೆಗೆ ಗೊಬ್ಬರ, ನೆಳಲು, ಹದವಾದ ತೇವ, ಗೆದ್ದಲಿಗೆ ಅನ್ನ. ಒಂದನ್ನು ಬಿಟ್ಟು ಒಂದು ಬಾಳಲಾರದು. ಈ ಒಪ್ಪಂದ ಆಫ್ರಿಕಾದಲ್ಲಿ ಸುಮಾರು 3 ಕೋಟಿ ವರ್ಷಗಳ ಹಿಂದೆ ಆರಂಭವಾಯಿತೆಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಮನುಷ್ಯ ನೇಗಿಲು ಹಿಡಿದು ಹತ್ತು ಹನ್ನೆರಡು ಸಾವಿರ ವರ್ಷವೂ ಸರಿಯಾಗಿ ಆಗಿಲ್ಲ! ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಒಡೆಯನಾಯಿತೆಂದು ಗಾದೆ ಕನಿಕರಪಡುತ್ತದೆ. ಹಾವಿಗಿಂತ ಮೊದಲೇ ಅಲ್ಲಿ ಒಬ್ಬ ಪಾಲುದಾರನಿದ್ದಾನೆಂಬುದು ಗಾದೆ ಕಟ್ಟಿದವರಿಗೆ ತಿಳಿಯದೆ ಹೋಯಿತೇನೋ.

ಮಳೆ ಬಿದ್ದು ನೆಲ ನೆನೆದಾಗ ಆ ತಟ್ಟೆಯಿಂದ ಒಂದು ದಂಟು ಮಣ್ಣನ್ನು ಸೀಳಿಕೊಂಡು ಮೇಲೆ ಬರುತ್ತದೆ. ನೆಲದ ಮೇಲೆ ಗೇಣುದ್ದ ಕಂಡರೆ ಒಳಗೆ ಮೊಳದುದ್ದ ಇರುವುದುಂಟು. ಲೇಖನದ ಆರಂಭದಲ್ಲಿ ನಾನು ಹೇಳಿದ ಬೇರು ಇದೇ. ಕೊಡೆಯ ನಡುನೆತ್ತಿಯಲ್ಲಿ ಮಣ್ಣನ್ನು ತೂರಿ ಬರಲು ತಕ್ಕ ಗಟ್ಟಿಯಾದ ಮೊನೆಯೊಂದು ಇರುತ್ತದೆ. ನಾವು ನುಚ್ಚಣಬೆ ಎನ್ನುವ ಸಣ್ಣ ಜಾತಿಗೆ ಮಾತ್ರ ಈ ಬೇರಿಲ್ಲ. ಗೆದ್ದಲೇ ತಟ್ಟೆಯ ಚೂರುಗಳನ್ನು ಹೊರಗೆ ತಂದು ಹರಡಿದಲ್ಲಿ ಅದು ನುಚ್ಚು ಚೆಲ್ಲಿದಂತೆ ನೂರುಗಟ್ಟಲೆ ಏಳುತ್ತದೆ. ಸೀಮೆಯಿಂದ ಸೀಮೆಗೆ ಅಣಬೆಯ ಸಂಸಾರವೇ ಬೇರೆ. ಕಾರ್ಕಳ, ಉಡುಪಿಗಳ ಕಡೆ ಮೊದಲ ಮಳೆಗೆ ಮಣ್ಣು ಕೆದಕಿ ತೆಗೆಯುವ ಗೋಲಿಯಂಥ ಕಲ್ಲಣಬೆ ಹುತ್ತದ್ದಲ್ಲ. ಅದು ಮರದ ಬೇರಿನೊಡನೆ ನಂಟು ಬೆಳೆಸಿದ್ದು. ಅದನ್ನು ನಾನು ನೋಡಿದ್ದೂ ಇಲ್ಲ, ತಿಂದದ್ದೂ ಇಲ್ಲ.

ಹಸ್ತ ಮಳೆಯ ಹುಡುಕಾಟ

ನಮ್ಮ ಕಡೆ ಮುಂಗಾರಿನ ಮೊದಲ ಮಳೆಗಳಿಗೂ ಅಣಬೆ ಏಳುತ್ತದೆ. ಆದರೆ ಆಗ ಎಲ್ಲರಿಗೂ ಗದ್ದೆಯ ಕೆಲಸ. ಮನೆಮಂದಿಯೆಲ್ಲ ಸೇರಿ ಹುಡುಕುವುದು ಹಸ್ತ, ಚಿತ್ತೆ ಮಳೆಗಳಲ್ಲಿ, ಅಂದರೆ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ತಿಂಗಳಿನಲ್ಲಿ. ಶರದೃತುವಿನ ಬಿಸಿಲು ಹಗಲೆಲ್ಲ ಕಾಯ್ದು ಸಂಜೆ ಮಳೆ ಸುರಿದರೆ, ರಾತ್ರಿ ಒಲೆಯ ಮುಂದೆ ಅವ್ವ ಅಂದುಕೊಳ್ಳುತ್ತಾಳೆ: “ನಾಳೆ ಏಳ್ತವೆ.” ಮಕ್ಕಳಿಗೆ ದಸರಾ ರಜೆ. ಕೋಳಿ ಕೂಗುವ ಹೊತ್ತಿಗೆ ಅವ್ವ, ಅಪ್ಪ, ನಾನು, ತಂಗಿ ಮಂಕರಿ ಹಿಡಿದು ಹೊರಡುತ್ತೇವೆ. ಹೊತ್ತು ಏರಿದರೆ ಹುಳು ಬೀಳುತ್ತದೆ, ಅಥವಾ ಬೇರೆಯವರು ಮುಂದಾಗುತ್ತಾರೆ.

ಮೊದಲ ಸಲ ನನ್ನನ್ನು ಕರೆದುಕೊಂಡು ಹೋದಾಗ ನನಗೆ ಆರೋ ಏಳೋ ವರ್ಷ. ಬೇಲಿಯ ಬುಡದಲ್ಲಿ ಬೆಳ್ಳಗೆ ಕಂಡುದನ್ನು ಕಿತ್ತು ಓಡಿಬಂದೆ. ಅವ್ವ ಅದನ್ನು ಕೈಗೆ ತೆಗೆದುಕೊಳ್ಳಲಿಲ್ಲ. “ಎಲ್ಲಿ ಕಿತ್ತೆ, ತೋರ್ಸು” ಎಂದು ಅಲ್ಲಿಗೆ ನಡೆದಳು. ನೆಲವನ್ನು ನೋಡಿ, “ಬಿಸಾಕು. ಮೊದ್ಲು ಅಣಬೆ ನೋಡಬ್ಯಾಡ ಮಗ, ಜಾಗ ನೋಡು” ಎಂದಳು. ಅಣಬೆಯ ವಿಷಯದಲ್ಲಿ ನಾನು ಕಲಿತ ಮೊದಲ ಪಾಠ ಇದು. ಅದರ ಅರ್ಥ ಪೂರ್ತಿಯಾಗಿ ತಿಳಿದದ್ದು ಹನ್ನೆರಡು ವರ್ಷಗಳ ಮೇಲೆ.

ಅವ್ವನ ಕಟ್ಟಳೆಗಳು ನಾಲ್ಕು. ಒಂದು, ಹುತ್ತ ಗೊತ್ತಿಲ್ಲದ ಕಡೆಯಲ್ಲಿ ಕೀಳಕೂಡದು. ಎರಡು, ಹುತ್ತಕ್ಕೆ ಕಬ್ಬಿಣ ಮುಟ್ಟಿಸಕೂಡದು. ಗುದ್ದಲಿಯಿಂದ ಅಗೆಯದೆ ಕೈಯಿಂದಲೇ ಮೆಲ್ಲಗೆ ಅಲುಗಿಸಿ ಎತ್ತಬೇಕು. ಮೂರು, ಪೂರ್ತಿ ಅರಳಿದುದನ್ನು ಅಲ್ಲೇ ಬಿಡಬೇಕು. ನಾಲ್ಕು, ಸುತ್ತಲೂ ತುಳಿದಾಡಕೂಡದು. ಕಾರಣ ಕೇಳಿದರೆ “ಹುತ್ತ ನಾಗಪ್ಪಂದು” ಎನ್ನುವಳು. ಬೇರೆ ಕಾರಣ ಅವಳಿಗೂ ಯಾರೂ ಹೇಳಿರಲಿಲ್ಲ.

ಕಾಲೇಜಿಗೆ ಬಂದ ಮೇಲೆ ಈ ಕಟ್ಟಳೆಗಳನ್ನು ಒಂದೊಂದಾಗಿ ಪುಸ್ತಕದೊಡನೆ ತಾಳೆ ನೋಡಿದೆ. ಗುದ್ದಲಿ ಹಾಕಿದರೆ ಒಳಗಿನ ತಟ್ಟೆ ಒಡೆದು, ಮುಂದಿನ ವರ್ಷದ ಬೆಳೆ ಕೆಡುತ್ತದೆ. ಅರಳಿದುದನ್ನು ಬಿಡುವುದರ ಗುಟ್ಟು ಇನ್ನೂ ಸ್ವಾರಸ್ಯವಾದುದು. ಮಳೆ ಬಿದ್ದಾಗ ಹಾರಿಹೋಗುವ ಈಸಲು ಹುಳುಗಳು ರೆಕ್ಕೆ ಉದುರಿಸಿ ಹೊಸ ಸಂಸಾರ ಹೂಡುತ್ತವಷ್ಟೆ. ಅಣಬೆ ಬೆಳೆಯುವ ಗೆದ್ದಲುಗಳಲ್ಲಿ ಬಹುಪಾಲು ಜಾತಿಗಳು ತವರಿನಿಂದ ಅಣಬೆಯ ಬಿತ್ತನೆಯನ್ನು ಒಯ್ಯುವುದಿಲ್ಲ. ಹೊಸ ಗೂಡಿನ ಮೊದಲ ಆಳುಗಳು ಹೊರಗೆ ಬಂದು, ಅರಳಿದ ಅಣಬೆಗಳಿಂದ ಉದುರಿದ ಬೀಜಕಣಗಳನ್ನು ಆರಿಸಿ ಒಳಗೆ ಸೇರಿಸುತ್ತವೆ. ಎಲ್ಲವನ್ನೂ ಮೊಗ್ಗಿನಲ್ಲಿಯೇ ಕಿತ್ತರೆ ಮುಂದಿನ ಹುತ್ತಗಳಿಗೆ ಬಿತ್ತನೆ ಎಲ್ಲಿಂದ ಬರಬೇಕು? ಇನ್ನು ತುಳಿಯುವ ಮಾತು. ಸ್ವಿಟ್ಜರ್ಲೆಂಡಿನ ಒಂದು ಕಾಡಿನಲ್ಲಿ 1975ರಿಂದ ಹಲವು ದಶಕ ನಡೆಸಿದ ಪರಿಶೀಲನೆಯ ಫಲ 2006ರಲ್ಲಿ ಪ್ರಕಟವಾಯಿತು. ಅಣಬೆ ಕಿತ್ತುದರಿಂದ ಮುಂದಿನ ಬೆಳೆ ಕಡಮೆಯಾಗಲಿಲ್ಲ. ಜನ ತುಳಿದಾಡಿದ ಕಡೆ ಕೊಡೆಗಳ ಸಂಖ್ಯೆ ಇಳಿಯಿತು. ಅದು ಬೇರೆ ಕಾಡು, ಬೇರೆ ಅಣಬೆ. ಆದರೂ ಅವ್ವನ ನಾಲ್ಕನೆಯ ಕಟ್ಟಳೆಗೆ ಸಾಕ್ಷಿ ದೊರೆತಂತಾಯಿತು. ಇದನ್ನು ಅವಳಿಗೆ ಓದಿ ಹೇಳಿದೆ. “ಅಷ್ಟು ವರ್ಷ ಬೇಕಾಯ್ತಾ ಅವ್ರಿಗೆ?” ಎಂದಳು.

ತಂದ ಅಣಬೆಯ ಬೇರಿನ ಮಣ್ಣು ಕೆರೆದು, ಬಿಡಿಸಿ, ಅರಿಸಿನದ ನೀರಿನಲ್ಲಿ ತೊಳೆದು, ಹುರಿದ ಕೊತ್ತಂಬರಿ ಬೀಜ, ಮೆಣಸು, ಕಾಯಿ ಅರೆದು ಹಾಕಿ ಸಾರು ಮಾಡುತ್ತಾರೆ. ಅಕ್ಕಿರೊಟ್ಟಿಗೂ ಮುದ್ದೆಗೂ ಅದು ಹೊಂದುತ್ತದೆ. ಪೇಟೆಯಲ್ಲಿ ಡಬ್ಬಿಯಲ್ಲಿ ಮಾರುವ ಬಿಳಿಯ ಗುಂಡಿ ಅಣಬೆ, ಚಿಪ್ಪಣಬೆಗಳನ್ನು ಹುಲ್ಲಿನ ಮೇಲೆ ಬೆಳೆಯುವ ವಿಧಾನವನ್ನು ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಹೇಳಿಕೊಡುತ್ತಾರೆ. ಹುತ್ತದಣಬೆಯನ್ನು ಹಾಗೆ ಬೆಳೆಯುವುದು ಸುಲಭವಲ್ಲ. ಗೆದ್ದಲಿನ ಕೈ ಬೇಕು.

ಹುಸಿ ಪರೀಕ್ಷೆಗಳು

ಒಳ್ಳೆಯದು ಯಾವುದು, ವಿಷ ಯಾವುದು ಎಂದು ತಿಳಿಯಲು ಜನ ಹಲವು ಪರೀಕ್ಷೆಗಳನ್ನು ಹೇಳುತ್ತಾರೆ. ಬೆಳ್ಳಿಯ ನಾಣ್ಯ ಹಾಕಿ ಕುದಿಸಿದರೆ ವಿಷವಿದ್ದಲ್ಲಿ ಕಪ್ಪಾಗುತ್ತದೆ, ಬೆಳ್ಳುಳ್ಳಿಯ, ಅರಿಸಿನದ, ಅನ್ನದ ಬಣ್ಣ ತಿರುಗುತ್ತದೆ, ಹುಳು ತಿಂದದ್ದು ಮನುಷ್ಯನಿಗೂ ಸರಿ, ಬಿಳಿಯದೆಲ್ಲ ಒಳ್ಳೆಯದು, ಚೆನ್ನಾಗಿ ಕುದಿಸಿದರೆ ವಿಷ ಇಳಿಯುತ್ತದೆ. ಇವುಗಳಲ್ಲಿ ಒಂದೂ ನಿಜವಲ್ಲವೆಂದು ಖಂಡಿತವಾಗಿ ಹೇಳಬೇಕು. ಬೆಳ್ಳಿಯನ್ನು ಕಪ್ಪಾಗಿಸುವುದು ಗಂಧಕದ ಸಂಯುಕ್ತಗಳು; ಅಣಬೆಯ ವಿಷಕ್ಕೂ ಅದಕ್ಕೂ ಸಂಬಂಧವಿಲ್ಲ. ಮನುಷ್ಯನನ್ನು ಕೊಲ್ಲುವ ಅಣಬೆಯನ್ನು ಬಸವನಹುಳು ನೆಮ್ಮದಿಯಾಗಿ ತಿನ್ನುತ್ತದೆ.

ಎಲ್ಲಕ್ಕಿಂತ ಭಯಂಕರವಾದುದು ಅಮಾನಿಟಾ ಕುಲದ ಕೆಲವು ಅಣಬೆಗಳಲ್ಲಿರುವ ಅಮಾಟಾಕ್ಸಿನ್ ಎಂಬ ವಿಷ. ಅದು ಕುದಿಸಿದರೂ ಒಣಗಿಸಿದರೂ ಹೋಗದು. ತಿಂದೊಡನೆ ಏನೂ ಆಗುವುದಿಲ್ಲ, ರುಚಿಯೂ ಕೆಟ್ಟದ್ದಲ್ಲ. ಆರು ಗಂಟೆಗಳ ಮೇಲೆ, ಸಾಮಾನ್ಯವಾಗಿ ಹನ್ನೆರಡು ಗಂಟೆಯ ಹೊತ್ತಿಗೆ, ವಾಂತಿಭೇದಿ ಮೊದಲಾಗುತ್ತದೆ. ಬಳಿಕ ಒಂದು ದಿನ ಗುಣವಾದಂತೆ ತೋರುತ್ತದೆ. ಮನೆಯವರು ಗಂಡಾಂತರ ಕಳೆಯಿತೆಂದು ಉಸಿರು ಬಿಡುತ್ತಾರೆ. ಆದರೆ ಒಳಗೆ ಯಕೃತ್ತು ನಾಶವಾಗುತ್ತಿರುತ್ತದೆ. ಜೀವಕೋಶಗಳು ಹೊಸ ಪ್ರೋಟೀನು ಮಾಡಿಕೊಳ್ಳಲು ಬೇಕಾದ ಮೊದಲ ಹೆಜ್ಜೆಯನ್ನೇ ಈ ವಿಷ ತಡೆಯುತ್ತದೆ. ಆದ್ದರಿಂದ ಅಣಬೆ ತಿಂದವರಿಗೆ ಹೊಟ್ಟೆ ಕೆಟ್ಟರೆ, ಒಮ್ಮೆ ಸುಧಾರಿಸಿದಂತೆ ಕಂಡರೂ ಸರಿಯೆ, ಉಳಿದ ಅಣಬೆಯ ಚೂರನ್ನು ಕಟ್ಟಿಕೊಂಡು ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಜೊತೆಯಲ್ಲಿ ಉಂಡವರೆಲ್ಲರೂ ಹೋಗಬೇಕು.

ಎಲ್ಲೆ ದಾಟಿದ ಅರಿವು

ಮೂರು ವರ್ಷದ ಹಿಂದೆ, ಹಸ್ತ ಮಳೆಯ ಕಾಲದಲ್ಲಿಯೇ, ಬೆಂಗಳೂರಿನಿಂದ ಚಿಕ್ಕಪ್ಪನ ಮನೆಯ ಸುದ್ದಿ ಬಂದಿತು. ಚಿಕ್ಕಪ್ಪ ಅಲ್ಲಿ ಕಾವಲುಗಾರನ ಕೆಲಸದಲ್ಲಿದ್ದಾನೆ. ಹುಡುಗನಾಗಿದ್ದಾಗ ಅಜ್ಜಿಯ ಸೆರಗು ಹಿಡಿದು ನಮ್ಮೂರಿನ ಹುತ್ತಗಳನ್ನೆಲ್ಲ ಸುತ್ತಿದವನು. ಅಣಬೆಯ ವಿಷಯದಲ್ಲಿ ಅವನಿಗೆ ಯಾರೂ ಪಾಠ ಹೇಳಬೇಕಾಗಿರಲಿಲ್ಲ. ಮನೆಯ ಹತ್ತಿರದ ಖಾಲಿ ನಿವೇಶನದ ಹುಲ್ಲಿನಲ್ಲಿ, ಮಳೆಯ ಮರುದಿನ, ತಟ್ಟೆಯಗಲದ ಬಿಳಿಯ ಕೊಡೆಗಳನ್ನು ಕಂಡ. ಊರು ಬಿಟ್ಟು ಹತ್ತು ವರ್ಷದ ಮೇಲೆ ಕಂಡ ಅಣಬೆ! ಮಕ್ಕಳನ್ನು ಕರೆದುಕೊಂಡು ಹೋಗಿ, ತನಗೆ ಅಜ್ಜಿ ಕಲಿಸಿದಂತೆಯೇ ಅವರಿಗೆ ಕೀಳುವುದನ್ನು ಕಲಿಸಿದ. ಚಿಕ್ಕಮ್ಮ ಸಾರು ಮಾಡಿದಳು. ನಾಲ್ವರೂ ಉಂಡರು. ಎರಡು ಗಂಟೆಯೊಳಗೆ ನಾಲ್ವರಿಗೂ ವಾಂತಿ. ಎರಡು ದಿನ ಆಸ್ಪತ್ರೆಯಲ್ಲಿದ್ದು ಹಿಂತಿರುಗಿದರು. ಚಿಕ್ಕವಳಾದ ಐದು ವರ್ಷದ ಹುಡುಗಿಯ ಸ್ಥಿತಿ ಒಂದು ರಾತ್ರಿ ಎಲ್ಲರನ್ನೂ ಹೆದರಿಸಿತ್ತು.

ಫೋನಿನಲ್ಲಿ ಚಿಕ್ಕಪ್ಪ ಹೇಳಿದ್ದನ್ನೆಲ್ಲ ಅವ್ವ ಕೇಳಿಸಿಕೊಂಡಳು. ಬೈಯಲಿಲ್ಲ. ಒಂದೇ ಮಾತು ಕೇಳಿದಳು: “ಅಲ್ಲಿ ಹುತ್ತ ಇತ್ತೇನಪ್ಪಾ?” ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಚಿಕ್ಕಪ್ಪ, “ಇರ್ಲಿಲ್ಲ ಅತ್ತಿಗೆ” ಎಂದ.

ಮರುವಾರ ನಾನು ಅಲ್ಲಿಗೆ ಹೋದಾಗ ಆ ನಿವೇಶನದಲ್ಲಿ ಹೊಸದಾಗಿ ಎದ್ದಿದ್ದ ಎರಡು ಕೊಡೆಗಳು ಸಿಕ್ಕಿದವು. ಒಂದರ ದಂಟು ತೆಗೆದು, ಕೊಡೆಯನ್ನು ಬಿಳಿಯ ಕಾಗದದ ಮೇಲೆ ಬೋರಲು ಹಾಕಿ, ಮೇಲೆ ಬಟ್ಟಲು ಮುಚ್ಚಿಟ್ಟೆ. ಬೆಳಗ್ಗೆ ತೆಗೆದು ನೋಡಿದರೆ ಕಾಗದದ ಮೇಲೆ ಮಾಸಲು ಹಸಿರು ಬಣ್ಣದ ಪುಡಿ ಚಕ್ರದಂತೆ ಬಿದ್ದಿತ್ತು. ಅದು ಕ್ಲೋರೊಫಿಲ್ಲಮ್ ಎಂಬ ಕುಲದ, ಹುಲ್ಲುಹಾಸುಗಳಲ್ಲಿ ಬೆಳೆಯುವ, ವಾಂತಿ ತರಿಸುವ ಅಣಬೆ. ಗಾತ್ರ, ಬಿಳುಪು, ಕೊಡೆಯ ಆಕಾರ ಹುತ್ತದಣಬೆಯನ್ನು ನೆನಪಿಗೆ ತರುತ್ತವೆ. ಆದರೆ ಮಣ್ಣಿನೊಳಗೆ ಇಳಿದ ಉದ್ದ ಬೇರಿಲ್ಲ. ನೆತ್ತಿಯಲ್ಲಿ ಚೂಪಾದ ಮೊನೆಯಿಲ್ಲ. ದಂಟಿನ ಮೇಲೆ ಜಾರಿಸಬಹುದಾದ ಒಂದು ಬಳೆಯಿದೆ. ಹುತ್ತದಣಬೆಯ ಬೀಜಕಣ ನಸುಗೆಂಪು, ಇದರದು ಹಸಿರು. ಇದು ಅಮಾನಿಟಾ ಆಗಿದ್ದರೆ ಈ ಲೇಖನವನ್ನು ನಾನು ಬರೆಯುತ್ತಿರಲಿಲ್ಲವೇನೋ.

ಇದು ನಮ್ಮ ಮನೆಯೊಂದರ ಕಥೆಯಲ್ಲ. ಆಗ್ನೇಯ ಏಷ್ಯದಿಂದ ಅಮೆರಿಕದ ಕ್ಯಾಲಿಫೋರ್ನಿಯಾಕ್ಕೆ ಹೋಗಿ ನೆಲೆಸಿದವರಲ್ಲಿ ಕೆಲವರು, ತಮ್ಮ ದೇಶದ ಬತ್ತದ ಹುಲ್ಲಿನ ಅಣಬೆಯೆಂದು ತಿಳಿದು ಅಲ್ಲಿಯ ‘ಮರಣದ ಟೋಪಿ’ ಎಂಬ ಅಮಾನಿಟಾವನ್ನು ತಿಂದಿದ್ದಾರೆ. ಎಳೆಯದರಲ್ಲಿ ಎರಡೂ ಒಂದು ಚೀಲದೊಳಗಿನಿಂದ ಮೊಟ್ಟೆಯಂತೆ ಮೇಲೇಳುತ್ತವೆ. ಬತ್ತದ ಹುಲ್ಲಿನದರ ಬೀಜಕಣ ನಸುಗೆಂಪು. ಮರಣದ ಟೋಪಿಯದು ಬಿಳುಪು. 2015ರ ಶರತ್ಕಾಲದಲ್ಲಿ ಸಿರಿಯಾದಿಂದ ಜರ್ಮನಿಗೆ ಬಂದ ನಿರಾಶ್ರಿತರು ಇದೇ ಅಣಬೆಯಿಂದ ವಿಷಪ್ರಾಶನಕ್ಕೆ ಒಳಗಾದಾಗ, ಹಾನೋವರ್ ನಗರದ ವೈದ್ಯಕೀಯ ವಿದ್ಯಾಲಯದವರು ಅರಬ್ಬಿಯೇ ಮೊದಲಾದ ಭಾಷೆಗಳಲ್ಲಿ ಎಚ್ಚರಿಕೆಯ ಚಿತ್ರಪಟಗಳನ್ನು ಹಂಚಬೇಕಾಯಿತು. ನಮ್ಮ ದೇಶದ ಅಸ್ಸಾಮಿನಲ್ಲಿ 2022ರ ಏಪ್ರಿಲ್ ತಿಂಗಳಲ್ಲಿ ಕಾಡಣಬೆ ತಿಂದು 13 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು ಚಹಾತೋಟಗಳ ಕಡೆಯ ಬಡವರು, ಮಕ್ಕಳೂ ಅವರಲ್ಲಿದ್ದರು.

ಕ್ಯಾಲಿಫೋರ್ನಿಯಾಕ್ಕೂ ಜರ್ಮನಿಗೂ ಹೋದವರು ಅಣಬೆಯನ್ನು ಅರಿಯದವರಲ್ಲ, ಅರಿತವರು. ನಮ್ಮ ಚಿಕ್ಕಪ್ಪನೂ ಅರಿತವನೇ. ಅರಿಯದವನು ಕೀಳುವುದೇ ಇಲ್ಲ. ಇದರಿಂದ ನಾನು ತೆಗೆದ ತೀರ್ಮಾನ ಇಷ್ಟು: ಮನೆತನದ ಅರಿವು ಅಣಬೆಯನ್ನು ಕುರಿತದ್ದಲ್ಲ, ಜಾಗವನ್ನು ಕುರಿತದ್ದು. ಅವ್ವನಿಗೆ ಗೊತ್ತಿರುವುದು ‘ತಿನ್ನುವ ಅಣಬೆಗಳ ಲಕ್ಷಣ’ವಲ್ಲ, ನಮ್ಮೂರಿನ ಏಳು ಹುತ್ತಗಳು. ಆ ಏಳು ಹುತ್ತಗಳ ನಡುವೆ ಅವಳ ಮಾತು ಯಾವ ಪುಸ್ತಕಕ್ಕೂ ಕಡಮೆಯಿಲ್ಲ. ಊರಗಡಿ ದಾಟಿದೊಡನೆ ಅದೇ ಮಾತು ಮೋಸ ಮಾಡಬಹುದು. ಪುಸ್ತಕದ ಅರಿವಾದರೋ ಎಲ್ಲ ಊರಿಗೂ ಬರುತ್ತದೆ. ಆದರೆ ಯಾವ ಊರನ್ನೂ ಅದು ಅವ್ವನಷ್ಟು ಬಲ್ಲುದಲ್ಲ. ಈಚೆಗೆ ಮೊಬೈಲಿನಲ್ಲಿ ಚಿತ್ರ ತೆಗೆದರೆ ಹೆಸರು ಹೇಳುವ ಸಾಧನಗಳು ಬಂದಿವೆ. ಅವು ಬೇರನ್ನು ಕಾಣವು, ನೆಲವನ್ನು ಕಾಣವು. ಅವನ್ನು ನಂಬಿ ಒಲೆ ಹಚ್ಚಬಾರದು.

ಆಗಬೇಕಾದುದು

ಸ್ವಿಟ್ಜರ್ಲೆಂಡಿನಲ್ಲಿ ಹಲವು ಊರುಗಳು ಅಣಬೆಯ ಕಾಲದಲ್ಲಿ ಪರೀಕ್ಷಾ ಕೇಂದ್ರ ನಡೆಸುತ್ತವೆ. ಜನ ಬುಟ್ಟಿ ತಂದು ತೋರಿಸಿ, ಒಳ್ಳೆಯದನ್ನು ಮಾತ್ರ ಮನೆಗೆ ಒಯ್ಯುತ್ತಾರೆ. ಫ್ರಾನ್ಸಿನಲ್ಲಿ ಔಷಧದಂಗಡಿಯವರಿಗೆ ಅಣಬೆ ಗುರುತಿಸುವ ಶಿಕ್ಷಣವಿದೆ. ನಮ್ಮಲ್ಲಿ ಅಷ್ಟು ಆಗದಿದ್ದರೂ, ಅಣಬೆ ಏಳುವ ಸೀಮೆಗಳ ಕಾಲೇಜುಗಳಲ್ಲಿ, ಸಸ್ಯಶಾಸ್ತ್ರದ ಅಧ್ಯಾಪಕರ ಮೇಲ್ವಿಚಾರಣೆಯಲ್ಲಿ, ಇಂಥದೊಂದು ಸಣ್ಣ ಕೆಲಸವನ್ನು ವಿದ್ಯಾರ್ಥಿಗಳು ಕೈಗೊಳ್ಳಬಹುದು. ಕಲಾ ವಿಭಾಗದ ನಮಗೂ ಅದರಲ್ಲಿ ಪಾಲಿದೆ: ಹಳ್ಳಿಹಳ್ಳಿಯ ಹೆಂಗಸರಿಂದ ಅಣಬೆಯ ಹೆಸರು, ಜಾಗ, ಮಳೆಯ ನಕ್ಷತ್ರಗಳನ್ನು ಕೇಳಿ ಬರೆದಿಡುವುದು. ಇದಕ್ಕೆ ಬಹಳ ಕಾಲಾವಕಾಶವಿಲ್ಲ. ಶುಂಠಿ ಬೇಸಾಯಕ್ಕೆ ಹೊಲ ಹಸನು ಮಾಡುವಾಗ ಯಂತ್ರ ಬಂದು ನಮ್ಮೂರಿನ ಏಳು ಹುತ್ತಗಳಲ್ಲಿ ಮೂರನ್ನು ಈಗಾಗಲೇ ಸಮ ಮಾಡಿಬಿಟ್ಟಿದೆ. ಹುತ್ತ ಹೋದರೆ ಅಣಬೆ ಹೋಯಿತು. ಅಣಬೆ ಹೋದರೆ ಅದನ್ನು ಅರಿತ ಅರಿವಿಗೆ ನಿಲ್ಲಲು ನೆಲವಿಲ್ಲ.

ಕೊನೆಯದಾಗಿ ಒಂದು ಮಾತು. ಅವ್ವನ ತವರು ಅರಸೀಕೆರೆಯ ಕಡೆಯ ಬಯಲು. ಅಲ್ಲಿಯೂ ಅವಳು ಅಣಬೆ ಆರಿಸಿದವಳೇ. “ಮದುವೆಯಾಗಿ ಬಂದ ವರ್ಷ ನೀನು ಎಷ್ಟು ಅಣಬೆ ಕಿತ್ತೆ?” ಎಂದು ಚಿಕ್ಕಪ್ಪನ ಪ್ರಕರಣವಾದ ಮೇಲೆ ಕೇಳಿದೆ. “ಒಂದೂ ಕೀಳ್ಲಿಲ್ಲ. ನಿಮ್ಮಜ್ಜಿ ಹಿಂದೆ ಮಂಕರಿ ಹೊತ್ಕೊಂಡು ನಡೆದೆ. ಇಲ್ಲಿ ನೆಲ ನಂಗೇನು ಗೊತ್ತಿತ್ತು?” ಎಂದಳು. ಅರಿತವಳಾಗಿಯೂ ಅವಳು ಒಂದು ಮಳೆಗಾಲ ಪೂರ್ತಿ ಬರಿಯ ಮಂಕರಿ ಹೊತ್ತಳು.

ಪರೀಕ್ಷೆ ಮುಗಿದ ಮೇಲೆ ನಮ್ಮಲ್ಲಿ ಹಲವರು ಊರು ಬಿಟ್ಟು ಹೊರಡುವವರು. ತಾಯಂದಿರಿಂದ ಕಲಿತದ್ದನ್ನು ಮರೆಯಬೇಕಾಗಿಲ್ಲ. ಅದನ್ನು ಹೊಸ ನೆಲದ ಮೇಲೆ ಹೇರಲೂ ಬಾರದು. ಮೊದಲ ಮಳೆಗಾಲದಲ್ಲಿ ಆ ನೆಲವನ್ನು ಬಲ್ಲವರ ಹಿಂದೆ ಮಂಕರಿ ಹೊತ್ತು ನಡೆಯುವುದೇ ಕ್ಷೇಮ. ಈ ಸಲದ ದಸರಾ ರಜೆಗೆ ಚಿಕ್ಕಪ್ಪ ಮಕ್ಕಳೊಡನೆ ಊರಿಗೆ ಬಂದಿದ್ದ. ಹಸ್ತ ಮಳೆ ಚೆನ್ನಾಗಿ ಹೊಯ್ದಿತ್ತು. ಉಳಿದ ನಾಲ್ಕು ಹುತ್ತಗಳಲ್ಲಿ ಒಂದರ ಬಳಿ ಅವ್ವ ಆ ಚಿಕ್ಕ ಹುಡುಗಿಯನ್ನು ನಿಲ್ಲಿಸಿಕೊಂಡು ಮೊದಲು ನೆಲ ತೋರಿಸಿದಳು, ಆಮೇಲೆ ಅಣಬೆ.